ಕೊಯ್ದ ಹುಲ್ಲಿನ ತುದಿ

ಪುಸ್ತಕದಲ್ಲಿ ನಲವತ್ತೇಳನೆಯ ಪುಟ ಒಂದೇ ಖಾಲಿ ಉಳಿದಿತ್ತು. ಗುಡ್ಡದ ಮಿಕ್ಕ ಅರವತ್ತೊಂದು ಗಿಡಗಳು ಬೇರು, ಎಲೆ, ಹೂ, ಕಾಯಿ ಸಮೇತ ತಮ್ಮ ತಮ್ಮ ಪುಟಗಳಲ್ಲಿ ಫೋಟೋಗೆ ನಿಂತವರ ಹಾಗೆ ನೆಟ್ಟಗೆ ನಿಂತಿದ್ದವು. ಇದೊಂದು ಮಾತ್ರ, ಬರುತ್ತೇನೆಂದು ಹೇಳಿ ಬಾರದ ನೆಂಟರ ಹಾಗೆ, ಮೂರು ವರ್ಷದಿಂದ ಕೈಕೊಡುತ್ತಲೇ ಇತ್ತು.

"ಇನ್ನು ಕಾದು ಪ್ರಯೋಜನ ಇಲ್ಲ ಮೇಡಂ," ಎಂದರು ಸಸ್ಯಶಾಸ್ತ್ರದ ಮೇಷ್ಟ್ರು. ಪುಸ್ತಕ ಹೊರತರುತ್ತಿದ್ದವರು ಅವರೇ. ಒಂದು ಕಾಲಕ್ಕೆ ಕಾಲೇಜಿನ ಪ್ರಯೋಗಾಲಯದಲ್ಲಿ ಅವರಿಗೆ ಪೆನ್ಸಿಲ್ ಹಿಡಿಯುವುದನ್ನು ಕಲಿಸಿದವಳು ಈ ಮನೆಯ ಅಕ್ಕ. ಈಗಲೂ ಅವಳ ಮುಂದೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದರು. "ನಿಮ್ಮ ಹತ್ತಿರ ಹಳೆಯ ಪೆನ್ಸಿಲ್ ಚಿತ್ರಗಳಿವೆಯಲ್ಲ, ಅದನ್ನೇ ನೋಡಿಕೊಂಡು ಬಣ್ಣ ಹಾಕಿಬಿಡಿ. ಕೆಳಗೆ ಒಂದು ಸಾಲು ಬರೆದರೆ ಆಯ್ತು."

"ಏನಂತ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಈ ಗುಡ್ಡದಲ್ಲಿ ಈಗ ಇಲ್ಲ, ಅಂತ."

ಕೋಣೆಯ ಇನ್ನೊಂದು ಅರ್ಧದಲ್ಲಿ ಗಡಗಡ ಓಡುತ್ತಿದ್ದ ಹೊಲಿಗೆ ಯಂತ್ರ ತಟ್ಟನೆ ನಿಂತಿತು. ತಂಗಿ ಕತ್ತೆತ್ತಿ ಅಕ್ಕನ ಮುಖ ನೋಡಿದಳು. ಅಕ್ಕ ಏನೂ ಹೇಳಲಿಲ್ಲ. ಹೇಳಬೇಕಾದಾಗ ಬಾಯಿ ಬಿಡದಿದ್ದರೆ ಅವಳಿಗೆ ತುಂಬ ನೋವಾಗಿದೆ ಎಂದು ತಂಗಿಗೆ ಐವತ್ತು ವರ್ಷದ ಅನುಭವ.

"ಮಳೆಗಾಲ ಮುಗಿಯೋವರೆಗೆ ಟೈಮ್ ಇದೆ," ಎಂದು ಮೇಷ್ಟ್ರೇ ಎದ್ದರು. "ಆಮೇಲೆ ಅಚ್ಚಿಗೆ ಹೋಗುತ್ತೆ. ಆ ಸಾಲು ಬೇಜಾರಾದರೆ ನಾನೇ ಬರೆದು ಕೊಡ್ತೀನಿ ಮೇಡಂ. ನಿಮ್ಮ ಕೈಯಲ್ಲಿ ಬರೆಸೋದಿಲ್ಲ."

ಅದು ಅವರ ಒಳ್ಳೆಯತನ. ಆದರೆ ಯಾರ ಕೈಯಲ್ಲಿ ಬರೆದರೂ ಸಾಲು ಅದೇ ತಾನೇ.

ಅವರು ಹೋದ ಮೇಲೆ ತಂಗಿ ಕಿಟಕಿಯ ಪರದೆ ಪೂರ್ತಿ ಸರಿಸಿ ಬೆಳಕನ್ನೆಲ್ಲ ಅಕ್ಕನ ಮೇಜಿಗೆ ಬಿಟ್ಟಳು. ಇಬ್ಬರೂ ದಿನಾ ಜಗಳವಾಡುವುದು ಆ ಒಂದು ಕಿಟಕಿಗೇ. ತಂಗಿಗೆ ಕಾಜಾ ಹೊಲಿಯಲು ಬೆಳಕು ಬೇಕು, ಅಕ್ಕನಿಗೆ ಕೇಸರ ಎಣಿಸಲು ಬೆಳಕು ಬೇಕು. ಇವತ್ತು ಜಗಳವಿಲ್ಲದೆ ಬೆಳಕು ಬಂತೆಂದರೆ ತನ್ನ ಮುಖ ಎಷ್ಟು ಬಾಡಿರಬೇಕು ಎಂದು ಅಕ್ಕ ಅಂದುಕೊಂಡಳು.

ಆ ಖಾಲಿ ಪುಟದ ಹೂವೇನು ದೊಡ್ಡದಲ್ಲ. ಒಂದು ಗೇಣು ಎತ್ತರದ ದಂಟು, ಅದರ ಸುತ್ತ ಅಕ್ಕಿಕಾಳಿನಷ್ಟು ಬಿಳಿ ಹೂಗಳು. ಸುಮ್ಮನೆ ಒಂದರ ಮೇಲೊಂದು ಕೂರುವುದಿಲ್ಲ, ಒಂದಕ್ಕಿಂತ ಒಂದು ಕೊಂಚ ಪಕ್ಕಕ್ಕೆ ತಿರುಗಿ, ದಂಟನ್ನು ಸುತ್ತಿ ಸುತ್ತಿ ಮೇಲಕ್ಕೆ ಹತ್ತುತ್ತವೆ. ಇರುವೆಗಳಿಗೆಂದೇ ಯಾರೋ ಸುರುಳಿ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. ಭೂತಗನ್ನಡಿ ಹಿಡಿದರೆ ಒಂದೊಂದು ಹೂವಿನ ತುಟಿಗೂ ಕಸೂತಿ ಅಂಚು, ಅಂಚಿನೊಳಗೆ ಮಂಜಿನಂಥ ಹಸಿರು. ನಿಂತು ನೋಡುವವರಿಗೆ ಅದು ಕಾಣಿಸುವುದೇ ಇಲ್ಲ, ಮಂಡಿ ಊರಬೇಕು. ಮರದ ಮೇಲೆ ಬೆಳೆಯುವ ಅದರ ಸೋದರಿಯರು ಕೊಂಬೆಯಿಂದ ಜೋತುಬಿದ್ದು ದಾರಿಹೋಕರನ್ನೆಲ್ಲ ಕರೆಯುತ್ತಾರೆ. ಇದು ನೆಲ ಬಿಟ್ಟು ಮೇಲೇಳದ ಆರ್ಕಿಡ್. ಮಣ್ಣೊಳಗೆ ಎರಡು ಪುಟ್ಟ ಗೆಡ್ಡೆ, ನೆಲಕ್ಕೆ ಅಂಟಿದ ನಾಲ್ಕೈದು ಎಲೆ, ವರ್ಷಕ್ಕೆ ಮೂರು ವಾರದ ಹೂವು. ಅಷ್ಟರಲ್ಲೇ ಅದರ ಸಂಸಾರ.

ಊರಂಚಿನ ಗುಡ್ಡದ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ, ಅಕ್ಕ ಅದನ್ನು ಹನ್ನೊಂದು ವರ್ಷ ನೋಡಿದ್ದಳು. ಪ್ರತಿ ವರ್ಷ ಮಳೆ ಹಿಂದೆ ಸರಿಯುವ ದಿನಗಳಲ್ಲಿ ಹೋಗಿ, ಮಂಡಿ ಊರಿ, ಪೆನ್ಸಿಲಿನಲ್ಲಿ ಬರೆದು ತರುತ್ತಿದ್ದಳು. ಬಣ್ಣ ಮಾತ್ರ ಹಾಕಿರಲಿಲ್ಲ. ಚಿಕ್ಕಂದಿನಿಂದ ಅವಳ ಅಭ್ಯಾಸ ಅದು: ತಟ್ಟೆಯಲ್ಲಿ ಇಷ್ಟವಾದದ್ದನ್ನು ಕೊನೆಯ ತುತ್ತಿಗೆ ಉಳಿಸಿಕೊಳ್ಳುವುದು.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಗುಡ್ಡ ಹತ್ತಿದವಳು ಟ್ಯಾಂಕಿನ ಬಳಿಯೇ ನಿಂತುಬಿಟ್ಟಿದ್ದಳು. ಹುಲ್ಲು ಕೊಯ್ಯುವಾತ ಇಳಿಜಾರನ್ನೆಲ್ಲ ಬೋಳಿಸಿ ಮುಗಿಸಿದ್ದ. ರಾಶಿ ಹುಲ್ಲಿನ ನಡುವೆ ಅವಳ ಹೂವಿನ ದಂಟುಗಳು ಅಡ್ಡಡ್ಡ ಬಿದ್ದಿದ್ದವು. ಆತ ನೀರು ಸರಬರಾಜು ಕಚೇರಿಯವನು, ಊರೆಲ್ಲ ಕುಡುಗೋಲಣ್ಣ ಎಂದು ಕರೆಯುವವನು. ಅಕ್ಕ ಆತನನ್ನು ಒಂದು ಮಾತೂ ಕೇಳಲಿಲ್ಲ. ನೇರ ಮನೆಗೆ ಬಂದು ಕಚೇರಿಗೆ ಪತ್ರ ಬರೆದಳು. ಚೆನ್ನಾಗಿಯೇ ಬರೆದಳು. "ಹುಲ್ಲು ಕೊಯ್ಯುವವನಿಗೆ ಕೈ ಇದೆ, ಕಣ್ಣಿಲ್ಲ" ಎಂಬ ವಾಕ್ಯವನ್ನು ತಂಗಿಗೆ ಎರಡು ಸಲ ಓದಿ ಹೇಳಿದಳು.

ಪತ್ರ ಕೆಲಸ ಮಾಡಿತು. ಕುಡುಗೋಲಣ್ಣನನ್ನು ಗುಡ್ಡದಿಂದ ಇಳಿಸಿ ಕೆಳಗಿನ ವಾಲ್ವ್ ಮನೆಗೆ ಹಾಕಿದರು. ಟ್ಯಾಂಕಿನ ಸುತ್ತ ಯಂತ್ರದಿಂದ ಹುಲ್ಲು ಕತ್ತರಿಸುವ ಏರ್ಪಾಡಾಯಿತು. ಹೂವಿನ ಜಾಗಕ್ಕೆ ತಂತಿ ಬೇಲಿ ಬಂತು. ಬೇಲಿಯ ಮುಂದೆ ಹಲಗೆಯೊಂದನ್ನು ನೆಟ್ಟರು. ಅದರ ಮೇಲೆ ಅಕ್ಕನೇ ಮುದ್ದಾದ ಅಕ್ಷರದಲ್ಲಿ ಬರೆದಳು: "ಇಲ್ಲಿ ಹುಲ್ಲು ಕೊಯ್ಯಬಾರದು. ಅಪರೂಪದ ಹೂವಿದೆ."

ಬೇಲಿಯೊಳಗೆ ಮರುವರ್ಷ ಒಂಬತ್ತು ದಂಟು ಬಂದವು. ಅದರ ಮರುವರ್ಷ ಎರಡು. ಆಮೇಲೆ ಹಲಗೆ ಮಾತ್ರ ಉಳಿಯಿತು.

*

ಮೇಷ್ಟ್ರು ಬಂದುಹೋದ ಮಾರನೆಯ ಬೆಳಿಗ್ಗೆ ಅಕ್ಕ ಹಳೆಯ ಹನ್ನೊಂದು ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡಳು. ಬರೆಯಲೇಬೇಕೆಂದರೆ ಇವುಗಳಿಂದಲೇ ಬರೆಯಬೇಕು. ಯಾವ ದಂಟಿನ ಸುರುಳಿ ಚೆನ್ನ, ಯಾವುದರ ಎಲೆ ಸ್ಪಷ್ಟ ಎಂದು ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡತೊಡಗಿದಳು.

ತನ್ನ ಕೈ ಬಗ್ಗೆ ಅವಳಿಗೆ ಒಂದು ಹೆಮ್ಮೆಯಿತ್ತು. ಕಂಡದ್ದನ್ನಷ್ಟೇ ಬರೆಯುವ ಕೈ ಅದು. ಹೂವನ್ನು ಬರೆದು ಸುತ್ತಲಿನ ಹುಲ್ಲನ್ನು ಗೀಚಿ ಬಿಡುವ ಜಾತಿಯಲ್ಲ. ಒಂದೊಂದು ಹುಲ್ಲಿನೆಸಳನ್ನೂ ಎಲ್ಲಿ ಬಾಗಿದೆ, ಎಲ್ಲಿ ಹುಳು ತಿಂದಿದೆ ಎಂದು ಬರೆಯುತ್ತಿದ್ದಳು. ತರಗತಿಯಲ್ಲಿ "ನಿಮಗೆ ಗೊತ್ತಿರೋದನ್ನು ಬರೀಬೇಡಿ, ಕಾಣೋದನ್ನು ಬರೀರಿ" ಎಂದು ಹೇಳಿ ಹೇಳಿ ಮೂವತ್ತು ವರ್ಷ ಹುಡುಗರ ತಲೆ ತಿಂದವಳು.

ಮೂರನೆಯ ಚಿತ್ರದ ಮೇಲೆ ಭೂತಗನ್ನಡಿ ನಿಂತಿತು. ಹೂವಿನ ಎಡಕ್ಕಿದ್ದ ಹುಲ್ಲಿನ ತುದಿ ಚೂಪಾಗಿರಲಿಲ್ಲ. ಓರೆಯಾಗಿ ಮೊಂಡಾಗಿತ್ತು. ಅದರ ಪಕ್ಕದ್ದೂ ಹಾಗೇ. ಅವಳು ನಾಲ್ಕನೆಯದನ್ನು ಎಳೆದುಕೊಂಡಳು. ಮೊಂಡು ತುದಿ. ಏಳನೆಯದು, ಹತ್ತನೆಯದು. ಹನ್ನೊಂದು ವರ್ಷದ ಹನ್ನೊಂದು ಚಿತ್ರಗಳಲ್ಲಿ ಹೂವಿನ ಪಕ್ಕದ ಒಂದೇ ಒಂದು ಹುಲ್ಲಿಗೂ ಹುಟ್ಟಿನ ತುದಿ ಇರಲಿಲ್ಲ. ಎಲ್ಲವೂ ಕೊಯ್ದ ಹುಲ್ಲು.

"ಏನಾಯ್ತೇ ಅಕ್ಕ? ಚೇಳು ಕಡಿದವರ ಹಾಗೆ ಕೂತಿದ್ದೀಯಲ್ಲ," ಎಂದಳು ತಂಗಿ.

"ಇಲ್ಲಿ ಬಾ. ಈ ಹುಲ್ಲು ನೋಡು. ತುದಿ ಹೇಗಿದೆ?"

ತಂಗಿ ಬಗ್ಗಿದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು ಅದರ ಮೊನೆಯಿಂದಲೇ ತೋರಿಸಿದಳು. "ಕತ್ತರಿಸಿದೆ."

"ಎಲ್ಲದರಲ್ಲೂ ಹಾಗೇ ಇದೆ. ಹೂವು ಬರೋಕೆ ಮುಂಚೆ ಪ್ರತಿ ವರ್ಷ ಯಾರೋ ಅಲ್ಲಿ ಹುಲ್ಲು ಕೊಯ್ದಿದ್ದಾರೆ. ಕೊಯ್ದ ಹುಲ್ಲಿನ ನಡುವೆಯೇ ಹೂವು ಬಂದಿದೆ."

"ಯಾರೋ ಏನು ಬಂತು, ಕುಡುಗೋಲಣ್ಣನೇ ಅಲ್ವಾ?" ಎಂದ ತಂಗಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ನೀನೇ ಬರೆದದ್ದಲ್ವೇನೇ ಇದನ್ನ?" ಎಂದಳು.

"ಹೌದು ಕಣೇ. ನಾನೇ ಬರೆದೆ, ನಾನೇ ನೋಡಲಿಲ್ಲ."

ಬೇಲಿಯೊಳಗೆ ಈಗ ಸೊಂಟದೆತ್ತರ ಹುಲ್ಲು. ಅದರ ಬುಡದಲ್ಲಿ ನೆಲಕ್ಕಂಟಿದ ನಾಲ್ಕು ಎಲೆಗೆ ಬಿಸಿಲು ಎಲ್ಲಿಂದ ಬರಬೇಕು? ಕಾಪಾಡುತ್ತೇನೆಂದು ಹೋಗಿ ತಾನೇ ಅದರ ಉಸಿರು ಕಟ್ಟಿಸಿದ್ದಳು. ಅಕ್ಕ ಎದ್ದು ಮೂರನೆಯ ಚಿತ್ರವನ್ನು ರಟ್ಟಿನ ಮಧ್ಯೆ ಇಟ್ಟು ಚೀಲಕ್ಕೆ ಹಾಕಿಕೊಂಡಳು.

"ಎಲ್ಲಿಗೆ?"

"ವಾಲ್ವ್ ಮನೆಗೆ."

"ಬೈಸ್ಕೊಂಡು ಬರೋಕೆ ಚೀಲ ಬೇರೆ ಬೇಕಾ?" ಎಂದ ತಂಗಿ, ಅಕ್ಕ ಬಾಗಿಲು ದಾಟುವಷ್ಟರಲ್ಲಿ ತಾನೂ ಚಪ್ಪಲಿ ಮೆಟ್ಟಲು ಎದ್ದಿದ್ದಳು. ಅಕ್ಕ ಕೈ ಅಡ್ಡ ಹಿಡಿದಳು. ಇದು ಒಬ್ಬಳೇ ಹೋಗಬೇಕಾದ ಜಾಗ.

*

ವಾಲ್ವ್ ಮನೆ ಎಂದರೆ ಗುಡ್ಡದ ಬುಡದಲ್ಲಿ ಒಂದೇ ಕೋಣೆ. ನೆಲದಿಂದ ಮೇಲೆದ್ದ ನಾಲ್ಕು ದಪ್ಪ ಪೈಪುಗಳು, ಒಂದೊಂದರ ಮೇಲೂ ಬಸ್ಸಿನ ಸ್ಟಿಯರಿಂಗಿನಷ್ಟು ದೊಡ್ಡ ಚಕ್ರ. ಪೈಪುಗಳು ತಣ್ಣಗೆ ಬೆವರುತ್ತಿದ್ದವು. ಕುಡುಗೋಲಣ್ಣ ಒಂದು ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅಕ್ಕನನ್ನು ಕಂಡು ಕೈ ಒರೆಸಿಕೊಂಡು, ಇದ್ದ ಒಂದೇ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ಬನ್ನಿ ಟೀಚರಮ್ಮ. ನೀರು ಬರ್ತಿಲ್ವಾ ನಿಮ್ಮ ಬೀದಿಗೆ?"

"ನೀರು ಬರ್ತಿದೆ ಅಣ್ಣ. ಹೂವು ಬರ್ತಿಲ್ಲ."

ಆತ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿದ. ಗೋಡೆಯ ಮೊಳೆಗೆ ಒಂದು ಕುಡುಗೋಲು ತೂಗುಬಿದ್ದಿತ್ತು. ಐದು ವರ್ಷದಿಂದ ಹುಲ್ಲು ಮುಟ್ಟದ ಕುಡುಗೋಲು, ಆದರೂ ಅದರ ಅಲಗು ನಿನ್ನೆ ಮಸೆದ ಹಾಗೆ ಫಳಫಳ ಹೊಳೆಯುತ್ತಿತ್ತು.

ಅಕ್ಕ ಕೂರಲು ಹೋಗಿ ಹಾಗೇ ನಿಂತಳು. ಕುರ್ಚಿಯ ಮೇಲೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲವಿತ್ತು. ಮೂಲೆಯಲ್ಲಿ ನೀಲಿ ದಾರದ ತೇಪೆ. ಆ ತೇಪೆ ಅವಳಿಗೆ ಗೊತ್ತಿತ್ತು. ಗುಡ್ಡದ ಮೇಲೆ, ಹೂವಿನ ಪಕ್ಕದ ಕಲ್ಲಿನ ಮೇಲೆ ಅದು ಯಾವಾಗಲೂ ಇರುತ್ತಿತ್ತು. ಹನ್ನೊಂದು ವರ್ಷ ಅದನ್ನೇ ಹಾಸಿಕೊಂಡು ಮಂಡಿ ಊರಿದ್ದಳು. ಬೇಲಿ ಬಂದ ಮೇಲೆ ಅದು ಕಾಣೆಯಾಗಿತ್ತು. ಕೆಲಸಗಾರರು ಎಲ್ಲೋ ಎಸೆದಿರಬೇಕು ಎಂದುಕೊಂಡು ಮರೆತಿದ್ದಳು.

"ಈ ಗೋಣಿ..."

"ನಿಮ್ಮದೇ," ಎಂದ ಕುಡುಗೋಲಣ್ಣ. "ಅಂದ್ರೆ ನಂದೇ, ನಿಮಗೆ ಅಂತ ಇಡ್ತಿದ್ದೆ. ಮೊದಲನೇ ದಿನ ಒದ್ದೆ ನೆಲದಲ್ಲಿ ಮಂಡಿ ಊರಿ ಕೂತ್ಕೊಂಡಿದ್ರಿ. ಎದ್ದಾಗ ಸೀರೆಯೆಲ್ಲ ಕೆಸರು. ನೋಡಿ ಪಾಪ ಅನ್ನಿಸ್ತು."

ಹನ್ನೊಂದು ವರ್ಷ. ಒಂದು ಸಲವೂ, ಇದನ್ನು ಯಾರು ಇಡುತ್ತಾರೆ ಎಂದು ತನಗೆ ಹೊಳೆದಿರಲಿಲ್ಲ. ಮಳೆ ಬರುವ ಹಾಗೆ, ಬಿಸಿಲು ಬೀಳುವ ಹಾಗೆ, ಗೋಣಿಚೀಲವೂ ಅಲ್ಲಿ ತಾನಾಗಿ ಇರುತ್ತದೆ ಎಂದುಕೊಂಡಿದ್ದಳು. ಅಕ್ಕ ಮೆಲ್ಲಗೆ ಕೂತಳು. ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋದವು.

"ಆ ಪತ್ರ ಬರೆದವಳು ನಾನು," ಎಂದಳು.

"ಗೊತ್ತು. ಆಗಿನ ಸಾಹೇಬರು ಓದಿ ಹೇಳಿದ್ರು. ಕೈ ಇದೆ, ಕಣ್ಣಿಲ್ಲ." ಆತ ನಕ್ಕ. "ಮನೇಲಿ ಹೇಳಿದ್ದಕ್ಕೆ ನನ್ನ ಹೆಂಡತಿ, 'ಯಾರೋ ಪರವಾಗಿಲ್ಲ, ನಿಮ್ಮನ್ನು ಸರಿಯಾಗಿ ನೋಡಿದಾರೆ' ಅಂದ್ಲು. ಅವಳು ಕಣ್ಮುಂದೆ ಇಟ್ಟ ಟೀ ನನಗೆ ಕಾಣಲ್ಲ, ಅದಕ್ಕೆ."

ಅಕ್ಕನಿಗೆ ನಗು ಬರಲಿಲ್ಲ. ಚೀಲದಿಂದ ಚಿತ್ರ ತೆಗೆದು ಆತನ ಕೈಗಿತ್ತಳು. "ಹುಲ್ಲಿನ ತುದಿ ನೋಡಿ ಅಣ್ಣ."

ಆತ ಬಾಗಿಲ ಬೆಳಕಿಗೆ ಹೋಗಿ ನಿಂತ. ತುಂಬ ಹೊತ್ತು ನೋಡಿದ. "ಇದು ನನ್ನ ಕೊಯ್ತ," ಎಂದ, ಎಲ್ಲೋ ಕಳೆದುಹೋದ ವಸ್ತು ಸಿಕ್ಕವನ ದನಿಯಲ್ಲಿ.

"ನಾನು ಅವತ್ತು ನೋಡಿದ್ದು ತಪ್ಪಾಯ್ತು. ಆದರೆ ದಂಟುಗಳು ಬಿದ್ದಿದ್ದವಲ್ಲ?"

"ಬೀಜ ಉದುರಿದ ಮೇಲೆ ಕೊಯ್ದಿದ್ದು ಟೀಚರಮ್ಮ. ಆ ವರ್ಷ ನೀವು ಬರೋದು ಎರಡು ವಾರ ತಡ ಆಯ್ತು."

ಹೌದು, ಆ ವರ್ಷ ತಂಗಿಗೆ ಜ್ವರ ಬಂದಿತ್ತು.

ಆಮೇಲೆ ಕುಡುಗೋಲಣ್ಣ ಪೈಪಿನ ಮೇಲೆ ಕೂತು ಹೇಳುತ್ತ ಹೋದ. ಆತನಿಗೆ ಹೂವಿನ ಹೆಸರು ಗೊತ್ತಿರಲಿಲ್ಲ, ತಾನೇ ಇಟ್ಟುಕೊಂಡ ಹೆಸರು ಮೆಟ್ಟಿಲು ಹೂವು. ಮಳೆಯ ನಡುವೆ ಒಂದು ಸಲ ನೆಲಮಟ್ಟಕ್ಕೆ ಕೊಯ್ಯಬೇಕು, ದಂಟು ಮೂಗು ತೋರಿಸುವ ಮೊದಲು. ಕೊಯ್ದ ಹುಲ್ಲನ್ನು ಅಲ್ಲೇ ಬಿಡದೆ ಗುಡಿಸಿ ತೆಗೆಯಬೇಕು, ಇಲ್ಲದಿದ್ದರೆ ಕೊಳೆತು ನೆಲ ಕೊಬ್ಬುತ್ತದೆ, ಈ ಹೂವಿಗೆ ಬಡ ನೆಲವೇ ಇಷ್ಟ. ಆಮೇಲೆ ಆರೇಳು ವಾರ ಅತ್ತ ಕಡೆ ಕುಡುಗೋಲು ಒಯ್ಯಬಾರದು. ಹೂವು ಬಾಡಿದ ಮೇಲೆ ದಂಟನ್ನು ಅಂಗೈ ಮೇಲೆ ಬಾಗಿಸಿ ಉಗುರಿನಿಂದ ಒಂದು ಸಲ ತಟ್ಟಬೇಕು. ಅಂಗೈ ಮೇಲೆ ಹಿಟ್ಟಿನಂಥ ಧೂಳು ಬಿದ್ದರೆ ಇನ್ನೂ ಕಾಯಬೇಕು. ಏನೂ ಬೀಳದಿದ್ದರೆ ಕೊಯ್ಯಬಹುದು.

"ಆ ಧೂಳೇ ಬೀಜ. ಉಸಿರು ಬಿಟ್ರೆ ಹಾರಿಹೋಗುತ್ತೆ," ಎಂದ. "ನಾನು ಮೂಗು ಮುಚ್ಕೊಂಡು ತಟ್ತಿದ್ದೆ."

ಪುಸ್ತಕಗಳಲ್ಲಿ ಅಕ್ಕ ಓದಿದ್ದಳು. ಆ ಧೂಳಿನ ಕಣಕ್ಕೆ ಕಟ್ಟಿಕೊಂಡು ಬಂದ ಬುತ್ತಿ ಇರುವುದಿಲ್ಲ. ಮಣ್ಣಿನ ಯಾವುದೋ ಬೂಷ್ಟು ಬಂದು ಉಣ್ಣಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಮೊಳೆತ ಮೇಲೂ ಒಂದು ಎಲೆ ಮೇಲೆ ಬರಲು ವರ್ಷಗಳೇ ಬೇಕು. ಇಷ್ಟೆಲ್ಲ ಓದಿದ ತನಗೆ ಕುಡುಗೋಲಿನ ವಿಷಯ ಯಾವ ಪುಸ್ತಕವೂ ಹೇಳಿರಲಿಲ್ಲ. ಹೇಳಬಲ್ಲವನು ಇಪ್ಪತ್ತು ಹೆಜ್ಜೆ ಆಚೆ ಬೆನ್ನು ಬಗ್ಗಿಸಿ ಕೆಲಸ ಮಾಡುತ್ತಿದ್ದ.

"ನನಗೆ ಅವತ್ತೇ ಯಾಕೆ ಹೇಳಲಿಲ್ಲ ಅಣ್ಣ?"

"ನೀವು ಓದಿದವರು. ಬೇಲಿ ಹಾಕ್ಸಿದ್ರಲ್ಲ, ಅದರಲ್ಲೂ ಏನೋ ಇರಬಹುದು ಅಂದ್ಕೊಂಡೆ." ಆತ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. "ಮತ್ತೆ ಕೇಳಬೇಕಿತ್ತಲ್ಲ, ಯಾರಾದರೂ."

ಅಷ್ಟೇ ಆತ ಆಡಿದ ಬಿರುಸು ಮಾತು. ಅದನ್ನೂ ಎಣ್ಣೆ ಡಬ್ಬಿಯ ಕಡೆ ನೋಡಿಕೊಂಡು ಹೇಳಿದ.

"ಈಗ ಕೊಯ್ದರೆ ಬರುತ್ತಾ?" ಎಂದಳು ಅಕ್ಕ.

"ಗೆಡ್ಡೆ ಮಣ್ಣೊಳಗೆ ನಿದ್ದೆ ಮಾಡ್ತಿದ್ರೆ ಬರಬಹುದು. ಆದ್ರೆ ಈ ವಾರವೇ ಕೊಯ್ಬೇಕು. ಮುಂದಿನ ವಾರಕ್ಕೆ ತಡ." ಆತ ಬೆರಳೆತ್ತಿದ. "ಇನ್ನೊಂದು. ಬೇಲಿ ಹೊರಗೂ ಆ ಯಂತ್ರ ನಿಲ್ಲಿಸಬೇಕು. ವಾರ ವಾರ ಬೋಳಿಸ್ತಾರೆ. ಅಲ್ಲೂ ಒಂದು ಸಲ ನಾನೇ ಕುಡುಗೋಲು ಆಡಿಸ್ತೀನಿ, ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ."

"ಬೇಲಿ ಹೊರಗೆ ಯಾಕೆ? ಹೂವಿದ್ದದ್ದು ಒಳಗಲ್ವಾ?"

ಕುಡುಗೋಲಣ್ಣ ಅವಳನ್ನು ಕರುಣೆಯಿಂದ ನೋಡಿದ. "ಹೂವಿಗೆ ಬೇಲಿ ಗೊತ್ತಾಗುತ್ತಾ ಟೀಚರಮ್ಮ?"

*

ನೀರು ಸರಬರಾಜು ಕಚೇರಿಗೆ ಈಗ ಹೊಸ ಮೇಲ್ವಿಚಾರಕಿ ಬಂದಿದ್ದಳು. ಚುರುಕಿನ ಹೆಂಗಸು. ಫೈಲಿನಿಂದ ಅಕ್ಕನ ಹಳೆಯ ಪತ್ರವನ್ನು ಹುಡುಕಿ ತೆಗೆದು ಮೇಜಿನ ಮೇಲಿಟ್ಟಳು.

"ಮೇಡಂ, ಕೊಯ್ಯಬೇಡಿ ಅಂತ ಬರೆದವರು ನೀವು. ಈಗ ಕೊಯ್ಯಿರಿ ಅಂತಿರೋರೂ ನೀವೇ. ನಾನು ಈ ಇಬ್ಬರಲ್ಲಿ ಯಾರ ಮಾತು ಕೇಳಲಿ?"

"ಎರಡನೆಯವಳದ್ದು," ಎಂದಳು ಅಕ್ಕ. "ಮೊದಲನೆಯವಳಿಗೆ ವಿಷಯ ಗೊತ್ತಿರಲಿಲ್ಲ."

"ಹಾಗಾದ್ರೆ ಆ ಎರಡನೆಯವರ ಕೈಲಿ ಒಂದು ಪತ್ರ ಬರೆಸಿ ಕೊಡಿ. ಫೈಲಿಗೆ ಬಾಯಿಮಾತು ಕೇಳಿಸಲ್ಲ."

ಕಚೇರಿಯ ಬೆಂಚಿನ ಮೇಲೆ ಕೂತು ಅಕ್ಕ ಬರೆದಳು. ಮೂರು ಕಾಗದ ಹರಿದಳು. ಮೊದಲನೆಯದರಲ್ಲಿ "ಹೊಸ ಮಾಹಿತಿ ದೊರೆತ ಕಾರಣ" ಎಂದು ಶುರು ಮಾಡಿದ್ದಳು. ಓದಿ ನೋಡಿದರೆ, ಜಾರಿ ಬಿದ್ದು ಬೇಕೆಂದೇ ಕೂತೆ ಎನ್ನುವವರ ಮಾತಿನಂತಿತ್ತು. ಕೊನೆಗೆ ಬರೆದದ್ದು ನಾಲ್ಕೇ ಸಾಲು. ಹುಲ್ಲು ಕೊಯ್ಯುವವರಿಗೆ ಕಣ್ಣಿಲ್ಲವೆಂದು ತಾನು ಹಿಂದೆ ಬರೆದದ್ದು ತಪ್ಪು. ಕಣ್ಣಿಲ್ಲದೆ ಇದ್ದದ್ದು ತನಗೆ. ಆ ಹೂವನ್ನು ಅಷ್ಟು ವರ್ಷ ಉಳಿಸಿದ್ದು ಅವರ ಕುಡುಗೋಲು. ಯಂತ್ರ ನಿಲ್ಲಿಸಿ, ಆ ಇಳಿಜಾರನ್ನು ಮತ್ತೆ ಅವರ ಕೈಗೇ ಕೊಡಬೇಕಾಗಿ ಪ್ರಾರ್ಥನೆ.

ಮೇಲ್ವಿಚಾರಕಿ ಓದಿದಳು, ಮತ್ತೊಮ್ಮೆ ಓದಿದಳು. ಮೊಹರು ಒತ್ತಿದಳು. ಹಳೆಯ ಪತ್ರವನ್ನು ಫೈಲಿನಲ್ಲಿ ಕೆಳಗೆ ಹಾಕಿ ಹೊಸದನ್ನು ಮೇಲಿಟ್ಟಳು. ಕಾನೂನಿನಲ್ಲಿ ಹಾಗೇನೂ ಇದ್ದಿರಲಾರದು. ಅವಳಿಗೇ ತೋಚಿ ಮಾಡಿದ್ದು.

ಎರಡು ದಿನದ ನಂತರ ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಅಕ್ಕ, ತಂಗಿ, ಕುಡುಗೋಲಣ್ಣ ಮೂವರೂ ಗುಡ್ಡ ಹತ್ತಿದರು. ಅಕ್ಕ ಅಲ್ಲಿಯವರೆಗೆ ಆತ ಕೆಲಸ ಮಾಡುವುದನ್ನು ನಿಂತು ನೋಡಿರಲೇ ಇಲ್ಲ. ಎಡಗೈ ಹುಲ್ಲಿನ ಹಿಡಿಯನ್ನು ಕೂದಲು ಬಾಚುವ ಹಾಗೆ ಒಂದು ಕಡೆಗೆ ಸರಿಸುತ್ತಿತ್ತು, ಬಲಗೈಯ ಕುಡುಗೋಲು ಓರೆಯಾಗಿ ನೆಲದಿಂದ ಎರಡು ಬೆರಳು ಮೇಲೆ ಜಾರುತ್ತಿತ್ತು. ಕಣ್ಣು ಮಾತ್ರ ಅಲಗಿನ ಮೇಲಿರಲಿಲ್ಲ, ಅಲಗು ಮುಂದೆ ಹೋಗಬೇಕಾದ ನೆಲದ ಮೇಲಿತ್ತು. ಒಂದು ಕಡೆ ಕುಡುಗೋಲು ತಾನಾಗಿ ಸುತ್ತು ಹಾಕಿ ಹೋಯಿತು. ಬಗ್ಗಿ ನೋಡಿದರೆ ಬೆರಳುಗುರಿನಷ್ಟು ಕಪ್ಪೆಮರಿ.

"ಕಣ್ಣಿಲ್ಲದವರು ನೋಡೇ ಅಕ್ಕ," ಎಂದು ತಂಗಿ ಪಿಸುಗುಟ್ಟಿದಳು.

"ಸಾಕು ಸುಮ್ಮನಿರೇ, ಹುಲ್ಲು ಗುಡಿಸು."

ಬೇಲಿಯ ಒಳಗೂ ಹೊರಗೂ ಆತ ಕೊಯ್ದ ಹುಲ್ಲನ್ನು ಇಬ್ಬರೂ ಸೇರಿ ಮಧ್ಯಾಹ್ನದವರೆಗೆ ಗುಡಿಸಿ ಹೊತ್ತು ಹಾಕಿದರು. ಬೇಲಿಯೊಳಗಿನ ನೆಲ ಬೆಳ್ಳಗೆ, ಬಹುಕಾಲ ಕಟ್ಟಿದ ಬ್ಯಾಂಡೇಜು ಬಿಚ್ಚಿದ ಚರ್ಮದ ಹಾಗಿತ್ತು. ಕುಡುಗೋಲಣ್ಣ ಕೂತು ಬೆರಳಿಂದ ಮಣ್ಣು ಸವರಿ ನೋಡಿದ.

*

ಒಂದು ವಾರ, ಮೂರು ವಾರ, ಐದು ವಾರ. ಅಕ್ಕ ದಿನ ಬಿಟ್ಟು ದಿನ ಗುಡ್ಡ ಹತ್ತಿದಳು. ಕಲ್ಲಿನ ಮೇಲೆ ಗೋಣಿಚೀಲ ವಾಪಸು ಬಂದಿತ್ತು. ಅದನ್ನು ಹಾಸಿಕೊಂಡು ಬೇಲಿಯೊಳಗೆ ಅಂಗೈ ಅಂಗೈ ಜಾಗ ಹುಡುಕಿದಳು. ಎಳೆಹುಲ್ಲು ಬಂತು, ಹುಲ್ಲಿನ ನಡುವೆ ಬೇರೆ ಹತ್ತು ಪುಟ್ಟ ಗಿಡ ಬಂದವು. ಮೆಟ್ಟಿಲು ಹೂವು ಬರಲಿಲ್ಲ.

ಆರನೆಯ ವಾರ ಮೇಷ್ಟ್ರ ಫೋನು ಬಂತು. "ಮೇಡಂ, ಹತ್ತು ದಿನ ಉಳಿದಿದೆ. ಆ ಸಾಲು ಬರೆದಿಟ್ಟುಕೊಂಡಿದ್ದೀನಿ. ಹಾಕೋದು ಬಿಡೋದು ನೀವು ಹೇಳಿದ ಹಾಗೆ."

ಅವತ್ತು ತಂಗಿ, "ಇವತ್ತು ನಾನೂ ಬರ್ತೀನಿ, ಮನೇಲಿ ಕೂತು ನಿನ್ನ ಬರಿಗೈ ನೋಡೋಕಾಗಲ್ಲ," ಎಂದು ಹೊರಟಳು. ಅಕ್ಕ ಬೇಲಿಯೊಳಗೆ ಮಂಡಿ ಊರಿದಳು. ತಂಗಿಗೆ ಮಂಡಿ ನೋವು, ಹಲಗೆಯ ಕಂಬಕ್ಕೆ ಒರಗಿ ಹೊರಗೇ ನಿಂತಳು.

"ಅಕ್ಕಾ."

"ಏನೇ?"

"ಇಲ್ಲಿ ಯಾರೋ ಹುಲ್ಲಿಗೆ ಬಿಳಿ ದಾರ ಸುತ್ತಿದ್ದಾರೆ ನೋಡು. ಎಷ್ಟು ಸಮನಾಗಿ ಸುತ್ತಿದ್ದಾರೆ ಅಂತೀಯ, ಒಂದು ಸುತ್ತು ಹೆಚ್ಚಿಲ್ಲ ಕಡಿಮೆ ಇಲ್ಲ."

ಅಕ್ಕ ಎದ್ದ ರಭಸಕ್ಕೆ ಬೇಲಿಯ ತಂತಿಗೆ ಸೆರಗು ಸಿಕ್ಕಿ ಪರ್ರೆಂದಿತು. ಹಲಗೆಯ ಬುಡದಲ್ಲಿ, "ಅಪರೂಪದ ಹೂವಿದೆ" ಎಂಬ ಅಕ್ಷರಗಳ ನೆರಳಿನಲ್ಲಿ, ಬೇಲಿಯ ಹೊರಗೆ, ಒಂದು ಗೇಣು ಎತ್ತರಕ್ಕೆ ಸುರುಳಿ ಸುರುಳಿಯಾಗಿ ಹತ್ತಿ ನಿಂತಿತ್ತು. ಅದರಾಚೆ ಇನ್ನೊಂದು. ಇಳಿಜಾರಿನ ಕೆಳಗೆ ಮತ್ತೆ ಮೂರು, ಆಮೇಲೆ ಒಂದು, ಆಮೇಲೆ ಮತ್ತೊಂದು. ಒಟ್ಟು ಏಳು.

ಕುಡುಗೋಲಣ್ಣ ಕಾದು ಕೊಯ್ದ ಅಷ್ಟೂ ವರ್ಷ ಆ ಧೂಳು ಗಾಳಿಗೆ ಇಳಿಜಾರಿನುದ್ದಕ್ಕೂ ಹಾರಿರಬೇಕು. ಬೀಜ ಅಲ್ಲಿ ಬಿದ್ದು, ಎಷ್ಟೋ ವರ್ಷ ಮಣ್ಣೊಳಗಿದ್ದು, ಸದ್ದಿಲ್ಲದೆ ಎಲೆ ಬಿಟ್ಟಿತ್ತು. ಪ್ರತಿ ವರ್ಷ ದಂಟು ತಲೆಯೆತ್ತಿದೊಡನೆ ಯಂತ್ರ ಬಂದು ಸವರಿಕೊಂಡು ಹೋಗುತ್ತಿತ್ತು. ಆದರೂ ಅದು ಬೇಸರಪಟ್ಟು ಬಿಟ್ಟಿರಲಿಲ್ಲ. ಒಳಗೆ ಯಾರೂ ಮುಟ್ಟದೆ ಸತ್ತಿತ್ತು, ಹೊರಗೆ ಎಲ್ಲರೂ ತುಳಿದರೂ ಬದುಕಿತ್ತು. ತಾನೋ, ಮೂರು ವರ್ಷ ಇದೇ ಹಲಗೆಯ ಮುಂದೆ, ಇದರ ಎಲೆಗಳನ್ನೇ ಮೆಟ್ಟಿಕೊಂಡು ನಿಂತು, ಬೇಲಿಯೊಳಗೆ ಇಣುಕಿ ನಿಟ್ಟುಸಿರು ಬಿಟ್ಟು ಹೋಗಿದ್ದಳು.

"ಅಳ್ತಿದ್ದೀಯಾ?" ಎಂದಳು ತಂಗಿ.

"ಹುಲ್ಲಿನ ಧೂಳು ಕಣೇ."

"ಆಗಲಿ. ನಾನು ಹೋಗಿ ಕುಡುಗೋಲಣ್ಣನ್ನ ಕರ್ಕೊಂಡು ಬರ್ತೀನಿ, ನೀನು ಧೂಳು ಒರೆಸ್ಕೋ." ಮಂಡಿ ನೋವಿನ ತಂಗಿ ಗುಡ್ಡ ಇಳಿದ ವೇಗ ನೋಡಬೇಕಿತ್ತು.

ಎಂಟು ದಿನ ಅಕ್ಕ ಅಲ್ಲೇ ಕೂತು ಬಣ್ಣ ಹಾಕಿದಳು. ಕುಡುಗೋಲಣ್ಣ ವಾಲ್ವ್ ತಿರುಗಿಸಿ ಬಂದು ಬಿಸಿಲಿಗೆ ಅಡ್ಡವಾಗಿ ತನ್ನ ಕೊಡೆ ನೆಟ್ಟು ಹೋಗುತ್ತಿದ್ದ. ತುಟಿಯ ಅಂಚಿನ ಆ ಮಂಜಿನಂಥ ಹಸಿರಿಗೆ ಹನ್ನೆರಡು ಸಲ ಬಣ್ಣ ಕಲೆಸಿದ ಮೇಲೆ ಅದು ಸಿಕ್ಕಿತು. ಕೊನೆಯ ಎರಡು ದಿನ ಅವಳು ಬರೀ ಹುಲ್ಲು ಬರೆದಳು.

ಒಂಬತ್ತನೆಯ ದಿನ ಮೇಷ್ಟ್ರು ಮನೆಗೆ ಬಂದರು. ಕನ್ನಡಕ ಒರೆಸಿಕೊಂಡು ಚಿತ್ರದ ಮೇಲೆ ಬಗ್ಗಿದರು. ಆಮೇಲೆ ಹಳೆಯ ವಿದ್ಯಾರ್ಥಿಯ ದನಿಯಲ್ಲಿ ಕೇಳಿದರು. "ಮೇಡಂ, ಹೂವು ಅದ್ಭುತ. ಆದರೆ ಹುಲ್ಲಿನ ತುದಿಯೆಲ್ಲ ಯಾಕೆ ಕತ್ತರಿಸಿದ ಹಾಗಿದೆ? ಓದುವವರು ತಪ್ಪು ಅಂದುಕೊಳ್ಳಲ್ವಾ?"

"ಅದು ತಪ್ಪಲ್ಲ. ಅದೇ ಅದರ ಮನೆ," ಎಂದು ಅಕ್ಕ ಪೆನ್ಸಿಲ್ ಅವರ ಕೈಗಿತ್ತಳು. "ನಿಮ್ಮ ಸಾಲು ಹೊಡೆದುಹಾಕಿ ಮೇಷ್ಟ್ರೇ. ನಾನು ಹೇಳಿದ್ದು ಬರ್ಕೊಳ್ಳಿ. ನೆಲೆ: ಗುಡ್ಡದ ಬಿಸಿಲಿನ ಇಳಿಜಾರು, ಬಡ ಮಣ್ಣು, ಮಳೆಯ ನಡುವೆ ಒಮ್ಮೆ, ಬೀಜ ಉದುರಿದ ಮೇಲೆ ಒಮ್ಮೆ ಕುಡುಗೋಲಿನಿಂದ ಕೊಯ್ದ ಹುಲ್ಲುಗಾವಲು. ಸ್ಥಳದಲ್ಲಿ ಕರೆಯುವ ಹೆಸರು: ಮೆಟ್ಟಿಲು ಹೂವು."

"ಆ ಹೆಸರು ಯಾರು ಹೇಳಿದ್ದು?"

"ಅದರ ಮನೆ ಕಾಯೋರು."

ಅಚ್ಚಿಗೆ ಕೊಡುವ ಮೊದಲು ಅಕ್ಕ ಚಿತ್ರವನ್ನು ವಾಲ್ವ್ ಮನೆಗೆ ಒಯ್ದಳು. ಕುಡುಗೋಲಣ್ಣ ಕೈ ತೊಳೆದು, ಒರೆಸಿ, ಬಾಗಿಲ ಬೆಳಕಿಗೆ ಹಿಡಿದ. ಹೂವನ್ನು ಒಂದು ಗಳಿಗೆ ನೋಡಿದ. ಆಮೇಲೆ ಅವನ ಕಣ್ಣು ಕೆಳಗಿಳಿಯಿತು. ಹುಲ್ಲಿನಿಂದ ಹುಲ್ಲಿಗೆ, ತುದಿಯಿಂದ ತುದಿಗೆ ನಿಧಾನವಾಗಿ ಹೋಯಿತು. ಅಕ್ಕ ಪರೀಕ್ಷೆಗೆ ಕೂತವಳ ಹಾಗೆ ಕಾಯುತ್ತ ನಿಂತಿದ್ದಳು.

"ಯಂತ್ರದ ಕೊಯ್ತ ಹರಿದ ಹಾಗಿರುತ್ತೆ," ಎಂದ ಆತ ಕೊನೆಗೆ. "ಇದು ಓರೆಯಾಗಿದೆ. ಸರಿಯಾಗಿ ನೋಡಿದೀರಿ ಟೀಚರಮ್ಮ."

ಮೂವತ್ತು ವರ್ಷ ಬೇರೆಯವರ ಚಿತ್ರಕ್ಕೆ ಅಂಕ ಹಾಕಿದ ಅಕ್ಕನಿಗೆ ಮೊದಲ ಸಲ ಯಾರೋ ಪೂರ್ತಿ ಅಂಕ ಕೊಟ್ಟ ಹಾಗಾಯಿತು.